ಬೆರಳಿಗೇರಿದ ಲಾಲಿಪಾಪ್

ಕಡ್ಡಿಯಿಲ್ಲದ ಲಾಲಿಪಾಪ್ ಅದು. ಪ್ಲಾಸ್ಟಿಕ್ಕಿನ ಉಂಗುರ, ಅದರ ಮೇಲೆ ಮುಖಮುಖವಾಗಿ ಕೊರೆದ ವಜ್ರದ ಆಕಾರದ ಸಕ್ಕರೆಗಟ್ಟಿ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಅಮೆರಿಕದಲ್ಲಿ ಬೆಳೆದವರ ಮುಂದೆ ‘ರಿಂಗ್ ಪಾಪ್’ ಎಂದರೆ ಸಾಕು, ಬಣ್ಣ ಹತ್ತಿದ ನಾಲಿಗೆ, ಅಂಟು ಬೆರಳು ನೆನಪಾಗುತ್ತವೆ. ರುಚಿಯ ಮಾತು ಬರುವುದು ಆಮೇಲೆ.

ಇದನ್ನು 1970ರ ದಶಕದಲ್ಲಿ ರೂಪಿಸಿದವರು ಟಾಪ್ಸ್ ಕಂಪನಿಯ ಫ್ರಾಂಕ್ ರಿಚರ್ಡ್ಸ್. ಮಗಳು ಹೆಬ್ಬೆರಳು ಚೀಪುತ್ತಿದ್ದಳಂತೆ; ಆ ಚಟ ಬಿಡಿಸಲು ಹೊಳೆದ ಉಪಾಯವಂತೆ. ನಮ್ಮ ಮನೆಗಳಲ್ಲಾಗಿದ್ದರೆ ಬೆರಳಿಗೆ ಬೇವಿನೆಣ್ಣೆ ಬೀಳುತ್ತಿತ್ತು. ಅವರು ಸಕ್ಕರೆಯನ್ನೇ ಕೂರಿಸಿದರು. ಹಲ್ಲಿನ ಡಾಕ್ಟರು ಏನೆಂದರೋ!

ಟಾಪ್ಸ್ 1938ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಶೋರಿನ್ ಸಹೋದರರು ಕಟ್ಟಿದ ಚ್ಯೂಯಿಂಗ್ ಗಮ್ ಕಂಪನಿ. ಐವತ್ತರ ದಶಕದಲ್ಲಿ ಗಮ್ಮಿನ ಪೊಟ್ಟಣಕ್ಕೆ ಬೇಸ್‌ಬಾಲ್ ಆಟಗಾರರ ಕಾರ್ಡು ಸೇರಿಸಿ ಮಾರಿತು. ಹುಡುಗರು ದುಡ್ಡು ಕೊಡುತ್ತಿದ್ದುದು ಕಾರ್ಡಿಗೆ. ಗಮ್ಮು ಬರೀ ನೆಪವಾಯಿತು. ಕಾರ್ಡಿಗೆ ಕಲೆಯಾಗುತ್ತದೆಂದು ಸಂಗ್ರಾಹಕರು ಗೊಣಗಿ, ತೊಂಬತ್ತರ ದಶಕದ ಆರಂಭದಲ್ಲಿ ಅದು ಪೊಟ್ಟಣದಿಂದಲೇ ಹೊರಬಿತ್ತು. ತಿಂಡಿಯ ಜೊತೆಗೊಂದು ಆಟಿಕೆ ಎಂಬ ಆ ಹಳೆಯ ವ್ಯಾಪಾರದಲ್ಲಿ ಸೋತದ್ದು ತಿಂಡಿ. ರಿಂಗ್ ಪಾಪ್‌ನಲ್ಲಿ ಹಾಗೆ ಬೇರ್ಪಡಿಸಲು ಬರುವುದಿಲ್ಲ. ಆಟಿಕೆಯೇ ತಿಂಡಿ, ತಿಂದಷ್ಟೂ ಆಟಿಕೆ ಸವೆಯುತ್ತದೆ. ಅದರ ಜಾಣತನವೆಲ್ಲ ಇಲ್ಲಿದೆ ಎಂದು ನನಗನ್ನಿಸುತ್ತದೆ.

ಹೊಳಪಿನ ಗುಟ್ಟು ಪಾಕದಲ್ಲಿದೆ. ಸಕ್ಕರೆಗೆ ಜೋಳದ ಸಿರಪ್ ಬೆರೆಸಿ ಸುಮಾರು 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಸಿದರೆ ನೀರಿನಂಶ ಹೆಚ್ಚುಕಡಿಮೆ ಆರಿಹೋಗುತ್ತದೆ. ಸಿರಪ್ ಇರುವುದರಿಂದ ಸಕ್ಕರೆ ಹರಳುಗಟ್ಟದೆ ಗಾಜಿನಂತೆ ಪಾರದರ್ಶಕವಾಗಿ ಗಟ್ಟಿಯಾಗುತ್ತದೆ. ಗಾಳಿಯ ತೇವ ತಾಗಿದರೆ ಮಾತ್ರ ಜಿಗುಟು. ಒಮ್ಮೆ ಚೀಪಿಟ್ಟ ಉಂಗುರ ಅಂಗಿಗೆ ತಾಗಿದರೆ ಅಮ್ಮನ ಬೈಗುಳ ಖಾತ್ರಿ.

ಮೈಮೇಲೆ ತೊಡುವ ಮಿಠಾಯಿ ನಮಗೂ ಹೊಸದಲ್ಲ. ಕೋಲಿನ ತುದಿಗೆ ಗೊಂಬೆ ಕಟ್ಟಿಕೊಂಡು ಜಾತ್ರೆಗೆ ಬರುವ ಬೊಂಬೆ ಮಿಠಾಯಿಯವನು ಅಂಟುಪಾಕ ಎಳೆದು ಮಕ್ಕಳ ಕೈಗೆ ವಾಚು, ಉಂಗುರ ಮಾಡಿಕೊಡುತ್ತಾನೆ. ಗಂಟೆ ನೋಡುವಷ್ಟರಲ್ಲಿ ವಾಚು ಹೊಟ್ಟೆಯಲ್ಲಿರುತ್ತದೆ. ರಿಂಗ್ ಪಾಪ್ ಅಷ್ಟು ಬೇಗ ಕರಗುವುದಿಲ್ಲ. ತೊಟ್ಟು ಓಡಾಡಬಹುದು, ಗೆಳತಿಯರಿಗೆ ತೋರಿಸಿ ಹೊಟ್ಟೆ ಉರಿಸಬಹುದು. ಆ ಮಕ್ಕಳೇ ದೊಡ್ಡವರಾಗಿ, ವಜ್ರ ಕೊಳ್ಳಲು ಕಾಸಿಲ್ಲದೆಯೋ ತಮಾಷೆಗೋ, ಮಂಡಿಯೂರಿ ‘ಮದುವೆಯಾಗ್ತೀಯಾ’ ಎಂದು ಕೇಳುವಾಗಲೂ ಇದನ್ನೇ ಚಾಚಿದ್ದುಂಟು.

ಈ ನೆನಪಿಗೆ ಬೆಲೆಯೂ ಏರಿದೆ. 2007ರಲ್ಲಿ ಡಿಸ್ನಿಯ ಮಾಜಿ ಮುಖ್ಯಸ್ಥ ಮೈಕೆಲ್ ಐಸ್ನರ್ ಅವರ ಸಂಸ್ಥೆ ಪಾಲುದಾರರೊಡನೆ ಇಡೀ ಟಾಪ್ಸನ್ನು 38.5 ಕೋಟಿ ಡಾಲರಿಗೆ ಕೊಂಡಿತು. 2022ರಲ್ಲಿ ಕಾರ್ಡುಗಳು ಫೆನಾಟಿಕ್ಸ್ ಕಂಪನಿಯ ಪಾಲಾದವು. ಮಿಠಾಯಿಗಳು ಬಜೂಕಾ ಹೆಸರಿನಲ್ಲಿ ಉಳಿದವು. ಮರುವರ್ಷ ಆ ಮಿಠಾಯಿ ವ್ಯವಹಾರವನ್ನಷ್ಟೇ ಕೊಳ್ಳಲು ಏಪ್ಯಾಕ್ಸ್ ಎಂಬ ಹೂಡಿಕೆ ಸಂಸ್ಥೆ ಒಪ್ಪಿದ ಮೊತ್ತ, ವರದಿಗಳ ಪ್ರಕಾರ, ಸುಮಾರು 70 ಕೋಟಿ ಡಾಲರ್.