ಬರೋಡೆಯ ಚಂದ್ರನೂ ಗಾಜಿನ ಹರಳೂ

ನಮ್ಮ ಕಡೆಯ ಮನೆಗಳಲ್ಲಿ ಅಜ್ಜಿಯಂದಿರ ಏಳು ಕಲ್ಲಿನ ವಜ್ರದೋಲೆ ಪೆಟ್ಟಿಗೆಯಿಂದ ಹೊರಬರುತ್ತಿದ್ದುದು ಮದುವೆ ಮುಂಜಿಗಳಲ್ಲಿ ಮಾತ್ರ; ಅದನ್ನು ಕಣ್ತುಂಬ ಕಂಡವರು ನೆಂಟರಿಷ್ಟರೇ ಹೊರತು ಊರವರೆಲ್ಲ ಅಲ್ಲ. ವಜ್ರವನ್ನೇ ಕಾಣದ ಜನಕೋಟಿಗೆ ಅದನ್ನು ತೋರಿಸಿ, ತೋರಿಸಿದ್ದನ್ನು ಬಯಸುವಂತೆ ಮಾಡಿದ ಕೀರ್ತಿಯು, ಅಪಕೀರ್ತಿಯೆಂದರೂ ಸರಿಯೆ, ಬಹುಮಟ್ಟಿಗೆ ಹಾಲಿವುಡ್ಡಿಗೆ ಸಲ್ಲತಕ್ಕದ್ದು.

ಇದು ತಾನಾಗಿ ಒದಗಿದ್ದಲ್ಲ. ದಕ್ಷಿಣ ಆಫ್ರಿಕದ ಗಣಿಗಳಿಂದ ಹೇರಳವಾಗಿ ಹೊರಬಿದ್ದು ದುರ್ಲಭವೆಂಬ ಹೆಸರನ್ನೇ ಕಳೆದುಕೊಳ್ಳುವಂತಿದ್ದ ವಜ್ರಕ್ಕೆ ಆರ್ಥಿಕ ಮುಗ್ಗಟ್ಟಿನಲ್ಲಿ ಗಿರಾಕಿಗಳೂ ಕಡಮೆಯಾಗಲು, ವಜ್ರವ್ಯಾಪಾರದ ಡಿ ಬಿಯರ್ಸ್ ಸಂಸ್ಥೆಯು 1938ರಲ್ಲಿ ಅಮೆರಿಕದ ಎನ್. ಡಬ್ಲ್ಯು. ಏಯರ್ ಎಂಬ ಜಾಹೀರಾತು ಸಂಸ್ಥೆಯ ಮೊರೆಹೊಕ್ಕಿತು. ಚಿತ್ರತಾರೆಯರ ಕೈಯಲ್ಲಿ ವಜ್ರ ಹೊಳೆಯಬೇಕು, ಆ ಹೊಳಪಿನ ವಾರ್ತೆಯೂ ಭಾವಚಿತ್ರವೂ ಪತ್ರಿಕೆಗಳನ್ನು ತುಂಬಬೇಕು: ಇದು ಅವರು ಹೂಡಿದ ಉಪಾಯ.

1953ರ ‘ಜೆಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್’ ಚಿತ್ರದಲ್ಲಿ ಗುಲಾಬಿ ರೇಷ್ಮೆಯ ಉಡುಪು ತೊಟ್ಟ ಮರ್ಲಿನ್ ಮನ್ರೋ, ಕಡುಗೆಂಪು ಹಿನ್ನೆಲೆಯಲ್ಲಿ, ಹೆಸರಾಂತ ಆಭರಣದಂಗಡಿಗಳನ್ನು ನಾಮಾವಳಿಯಂತೆ ಕರೆಯುತ್ತ ವಜ್ರದ ಮಹಿಮೆಯನ್ನು ಹಾಡುತ್ತಾಳೆ. ಅವಳ ಕೊರಳಿನಲ್ಲಿ ಥಳಥಳಿಸಿದುದಾದರೋ ಕೃತಕ ಹರಳು! ರತ್ನಪಡಿ ವ್ಯಾಪಾರಿಯು ಭೂತಗನ್ನಡಿ ಹಿಡಿದು ಕಲ್ಲಿನ ನೀರನ್ನೂ ದೋಷವನ್ನೂ ಪರೀಕ್ಷಿಸುವನು; ಕ್ಯಾಮರಾಕ್ಕೆ ಮಿಂಚಿದರೆ ಸಾಕು, ಹರಳಿನ ಜಾತಿಯನ್ನು ಅದು ವಿಚಾರಿಸದು. ನಿಜವಾದ ವಜ್ರವು ಬಂದುದು ಚಿತ್ರದ ಪ್ರಚಾರಕ್ಕೆ: ಬರೋಡೆಯ ಗಾಯಕವಾಡ ಅರಸರ ಹೆಸರಿನೊಡನೆ ಬೆಸೆದ, ‘ಮೂನ್ ಆಫ್ ಬರೋಡಾ’ ಎಂಬ ಹಳದಿ ಛಾಯೆಯ 24.04 ಕ್ಯಾರಟ್ಟಿನ ಕಲ್ಲು. ಗ್ರಾಮಿಗೆ ಐದು ಕ್ಯಾರಟ್ಟಿನ ಲೆಕ್ಕದಲ್ಲಿ ಅದು ಐದು ಗ್ರಾಮೂ ತೂಗದು. ಒಂದು ಕಾಲಕ್ಕೆ ನಮ್ಮ ದೇಶದ ರಾಜಮನೆತನವೊಂದರದಾಗಿದ್ದ ಒಡವೆ ಎರವಲಾಗಿ ಬಂದು, ಮನ್ರೋಳ ಕೊರಳೇರಿ ಭಾವಚಿತ್ರಕ್ಕೆ ನಿಂತಿತು.

1961ರ ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ ಚಿತ್ರದ ಕತೆಯೂ ಹೀಗೆಯೇ. ಕಿಂಬರ್ಲಿಯ ಗಣಿಯಲ್ಲಿ ದೊರೆತ 128.54 ಕ್ಯಾರಟ್ಟಿನ ಟಿಫನಿ ವಜ್ರವನ್ನು ಆಡ್ರೆ ಹೆಪ್‌ಬರ್ನ್ ಧರಿಸಿದ್ದು ಪ್ರಚಾರದ ಭಾವಚಿತ್ರಗಳಿಗಾಗಿ. ಚಿತ್ರದ ಆರಂಭದಲ್ಲಿ ನಾಯಕಿಯು ನಸುಕಿನ ನಿರ್ಜನ ಬೀದಿಯಲ್ಲಿ ಟಿಫನಿ ಆಭರಣದಂಗಡಿಯ ಮುಂದೆ ನಿಂತು, ಗಾಜಿನಾಚೆಯ ಒಡವೆಗಳನ್ನು ನೋಡುತ್ತ, ಕೈಯಲ್ಲಿನ ತಿಂಡಿಯನ್ನು ಮೆಲ್ಲುತ್ತಾಳೆ, ಒಳಗೆ ಕಾಲಿಡುವುದಿಲ್ಲ. ಮುಂದೊಮ್ಮೆ ಗೆಳೆಯನೊಡನೆ ಒಳಹೊಕ್ಕಾಗ ಖರ್ಚು ಮಾಡಲು ಇರುವುದು ಹತ್ತು ಡಾಲರು. ಆ ಸಿರಿವಂತ ಅಂಗಡಿಯ ನೌಕರನು ಗಾಂಭೀರ್ಯವನ್ನು ಕಿಂಚಿತ್ತೂ ಬಿಡದೆ ಅಕ್ಷರ ಕೆತ್ತಿಸಿಕೊಡಲೊಪ್ಪುವ ಉಂಗುರವು, ಮಕ್ಕಳ ತಿನಿಸಿನ ಪೊಟ್ಟಣದೊಳಗೆ ಪುಕ್ಕಟೆಯಾಗಿ ಸಿಕ್ಕಿದ್ದು.