ಬಸಿರಿಗೆ ಮೊದಲೇ ಔಷಧಿಯ ವಿಚಾರಣೆ

ಕೃಷ್ಣರಾಜ ಮಾರುಕಟ್ಟೆಯ ಬಳಿ ಇರುವ ನನ್ನ ದವಾಖಾನೆಗೆ ಒಬ್ಬ ಯುವತಿ ಅತ್ತೆಯ ಜೊತೆ ಬಂದಿದ್ದರು. ಮುಟ್ಟು ನಿಂತು ಎರಡು ವಾರ ಕಳೆದಿತ್ತು. ಬಸಿರು ಖಚಿತವಾಗಿತ್ತು. “ಹಕೀಂ ಸಾಬ್, ಸೊಸೆ ಫಿಟ್ಸ್‌ಗೆ ಮಾತ್ರೆ ತಗೋತಾಳೆ. ಮಗುವಿಗೆ ತೊಂದರೆ ಆಗಬಾರದಲ್ಲ, ಇವತ್ತಿಂದಲೇ ನಿಲ್ಲಿಸಿಬಿಡೋಣವೇ?” ಎಂದು ಅತ್ತೆ ಕೇಳಿದರು. ಅದು ಸೋಡಿಯಂ ವಾಲ್ಪ್ರೊಯೇಟ್ ಮಾತ್ರೆ. “ನೀವಾಗಿ ನಿಲ್ಲಿಸಬೇಡಿ, ಫಿಟ್ಸ್ ಬಂದರೆ ತಾಯಿ ಮಗು ಇಬ್ಬರಿಗೂ ಅಪಾಯ” ಎಂದು ಹೇಳಿ ಅದೇ ದಿನ ನರರೋಗ ತಜ್ಞರ ಬಳಿಗೆ ಕಳುಹಿಸಿದೆ. ಈ ಪ್ರಶ್ನೆ ಕೆಲವು ತಿಂಗಳ ಹಿಂದೆಯೇ ಬಂದಿದ್ದರೆ ಎಷ್ಟು ಚೆನ್ನಾಗಿತ್ತು!

ಏಕೆಂದರೆ ಮಗುವಿನ ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರನಾಳವು ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲೇ ಮುಚ್ಚಿಕೊಳ್ಳುತ್ತದೆ. ಆಗ ತಾಯಿಗೆ ಮುಟ್ಟು ಎರಡು ವಾರ ತಪ್ಪಿರುತ್ತದೆ, ಅಷ್ಟೆ. ವಾಲ್ಪ್ರೊಯೇಟ್‌ನಿಂದ ಈ ನಾಳ ಸರಿಯಾಗಿ ಮುಚ್ಚದಿರುವ ಅಪಾಯ ಹೆಚ್ಚು. ಮುಂದೆ ಮಗುವಿನ ಕಲಿಕೆಗೂ ಪೆಟ್ಟು ಬೀಳಬಹುದು. ಮೊದಲೇ ಕೇಳಿದರೆ ವೈದ್ಯರು ಬೇರೆ ಮಾತ್ರೆಗೆ ನಿಧಾನವಾಗಿ ಬದಲಿಸಬಲ್ಲರು.

ಹೀಗೆ ಮೊದಲೇ ವಿಚಾರಿಸಬೇಕಾದ ಔಷಧಿಗಳು ಇನ್ನೂ ಇವೆ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ನಿಲ್ಲಿಸಿ ಕನಿಷ್ಠ ಒಂದು ತಿಂಗಳಾದರೂ ಕಳೆಯುವವರೆಗೆ ಗರ್ಭ ನಿಲ್ಲಬಾರದು. ಸಂಧಿವಾತದ ಮೆಥೊಟ್ರೆಕ್ಸೇಟ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ರಕ್ತದೊತ್ತಡದ ಎನಲಾಪ್ರಿಲ್, ಟೆಲ್ಮಿಸಾರ್ಟಾನ್ ಮುಂತಾದವನ್ನೂ ವೈದ್ಯರಿಗೆ ತೋರಿಸಿ. ಥೈರಾಯ್ಡ್ ಕೊರತೆಗೆ ನುಂಗುವ ಥೈರಾಕ್ಸಿನ್ ಮಾತ್ರೆಯನ್ನಾದರೋ ನಿಲ್ಲಿಸಲೇಬಾರದು. ಬಸಿರಿನಲ್ಲಿ ಅದರ ಪ್ರಮಾಣ ಹೆಚ್ಚಿಸಬೇಕಾಗುವುದೇ ಹೆಚ್ಚು.

“ಯುನಾನಿ ಔಷಧಿ ತಾನೇ, ಏನೂ ಆಗಲ್ಲ” ಎನ್ನುವವರಿದ್ದಾರೆ. ನಾನು ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ, ಅದು ತಪ್ಪು. ಪಾದರಸ, ಸೀಸದಂಥ ಲೋಹಗಳ ಕುಶ್ತಾ, ಮುಟ್ಟು ಬರಿಸುವ ಮದ್ದು, ಬಲವಾದ ಜುಲಾಬು ಬಸಿರಿನಲ್ಲಿ ಬೇಡ. ಗ್ರಂಧಿಗೆ ಅಂಗಡಿಯಿಂದ ತಂದ ಬೇರು, ಪುಡಿಗಳನ್ನೂ ತೋರಿಸದೆ ಸೇವಿಸಬೇಡಿ. ಮುಖ ಬೆಳ್ಳಗಾಗಿಸುವ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ.

ಸುರ್ಮಾದ ಮಾತು ನಮ್ಮ ಮನೆಗಳಿಗೆ ಹತ್ತಿರದ್ದು. ಎಷ್ಟೋ ಸುರ್ಮಾಗಳಲ್ಲಿ ಸೀಸದ ಗಂಧಕ ಅದಿರೇ ಮುಖ್ಯ ವಸ್ತು. ದೇಹ ಸೇರಿದ ಸೀಸ ತಾಯಿಯ ಮೂಳೆಯಲ್ಲಿ ವರ್ಷಗಟ್ಟಲೆ ಕೂತು, ಬಸಿರಿನಲ್ಲಿ ಮೂಳೆಯಿಂದ ಸುಣ್ಣಾಂಶ ಹೊರಬರುವಾಗ ಜೊತೆಗೆ ಹೊರಟು ಮಗುವನ್ನು ತಲುಪುತ್ತದೆ. ಹಾಲಿನಲ್ಲೂ ಬರುತ್ತದೆ. ಆದ್ದರಿಂದ ಹೆಣ್ಣುಮಕ್ಕಳು ಸೀಸದ ಸುರ್ಮಾ ಬಿಡುವುದು ಮದುವೆಗೆ ಮೊದಲೇ ಒಳ್ಳೆಯದು. ಹಸುಗೂಸಿನ ಕಣ್ಣಿಗಂತೂ ಹಚ್ಚಲೇಬೇಡಿ.

ಹಾಗಾದರೆ ಮಾಡಬೇಕಾದ್ದೇನು? ಮಗು ಬೇಕೆಂದುಕೊಂಡ ಕೂಡಲೇ, ಸಾಧ್ಯವಾದರೆ ಮೂರು ತಿಂಗಳು ಮುಂಚೆ, ಮನೆಯಲ್ಲಿರುವ ಮಾತ್ರೆ, ಚೂರ್ಣ, ಮುಲಾಮು, ಸುರ್ಮಾ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಪ್ರಸೂತಿ ವೈದ್ಯರ ಮುಂದಿಡಿ. ಮಾರುಕಟ್ಟೆಯ ಪಕ್ಕದಲ್ಲೇ ಸರ್ಕಾರಿ ವಾಣಿ ವಿಲಾಸ ಆಸ್ಪತ್ರೆ ಇದೆ. ಬಸಿರಿಗೆ ಕನಿಷ್ಠ ಒಂದು ತಿಂಗಳ ಮೊದಲಿಂದ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಶುರು ಮಾಡಿ. ಫಿಟ್ಸ್ ಅಥವಾ ಸಕ್ಕರೆ ಕಾಯಿಲೆ ಇದ್ದವರಿಗೆ, ಹಿಂದಿನ ಮಗುವಿಗೆ ಬೆನ್ನುಹುರಿಯ ದೋಷವಿದ್ದವರಿಗೆ ವೈದ್ಯರು ಹೆಚ್ಚು ಪ್ರಮಾಣ ಹೇಳಬಹುದು.

ಹೆರಿಗೆಯ ನಂತರ ಯಾವ ಮಾತ್ರೆ ಮುಂದುವರಿಸಬೇಕೆಂಬುದನ್ನೂ ಅಂದೇ ಕೇಳಿ ಬರೆಸಿಕೊಳ್ಳಿ. ಹೆಚ್ಚಿನ ಔಷಧಿಗಳ ಜೊತೆ ಹಾಲುಣಿಸಬಹುದು. ಜ್ವರಕ್ಕೆ ಪ್ಯಾರಸಿಟಮಾಲ್ ನುಂಗಿದೆನೆಂದು ಎದೆಹಾಲು ಬಿಡಿಸಬೇಡಿ. ಆದರೆ ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಬೇಡ. ಕೂಸಿನ ಉಸಿರಾಟಕ್ಕೆ ಅಪಾಯ.

ಅತ್ತೆಯವರೇ, ಗಂಡಂದಿರೇ, ಈ ಚೀಲ ಹಿಡಿದು ಸೊಸೆಯ ಜೊತೆ, ಹೆಂಡತಿಯ ಜೊತೆ ನೀವೂ ಹೋಗಿ. ಮಗು ಅಲ್ಲಾಹನು ಒಪ್ಪಿಸುವ ಅಮಾನತ್. ಅದರ ಜೋಪಾನ ತೊಟ್ಟಿಲು ಕಟ್ಟುವುದಕ್ಕೂ ಬಹಳ ಮೊದಲೇ ಆರಂಭವಾಗಲಿ.