ತಾಗದೆ ಓದುವ ಕಣ್ಣು

ಮಿರಜಿನ ಮೀರಾಸಾಹೇಬರ ದರ್ಗೆಯ ಆವರಣದಲ್ಲಿ 1937ರಿಂದ ಚಿರನಿದ್ರೆಯಲ್ಲಿರುವ ಉಸ್ತಾದ್ ಅಬ್ದುಲ್ ಕರೀಂ ಖಾನರ ಕಂಠವು ನಮ್ಮವರೆಗೆ ಬಂದುದು ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಅರಗಿನ ತಟ್ಟೆಗಳ ಮೇಲೆ. ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷಗಳನ್ನಷ್ಟೇ ಹಿಡಿಯುತ್ತಿದ್ದ ಆ ತಟ್ಟೆಯ ಗೀರಿನಲ್ಲಿ ಉಕ್ಕಿನ ಮುಳ್ಳು ಉಜ್ಜಿಕೊಂಡು ಸಾಗಿದಂತೆಲ್ಲ ಸ್ವರವು ಹೊರಡುತ್ತಿತ್ತು, ಹೊರಟಷ್ಟು ಸಲವೂ ಗೀರು ಸವೆಯುತ್ತಿತ್ತು. ಅದೇ ಮಿರಜಿನ ಪೇಟೆಗೆ, ಜತ್ತ ತಾಲೂಕಿನ ಕನ್ನಡ ಹಳ್ಳಿಯೊಂದರಿಂದ ಬಂದ ನನ್ನ ಸೋದರಮಾವನೊಡನೆ, ಅಗ್ಗದ ಡಿವಿಡಿ ಪ್ಲೇಯರ್ ಒಂದನ್ನು ಕೊಳ್ಳಲು ಹೋದಾಗ ಈ ಹಳೆಯ ಮುಳ್ಳು ನೆನಪಾಯಿತು. ಏಕೆಂದರೆ ಹೊಸ ತಟ್ಟೆಯನ್ನು ಓದುವುದು ಮುಳ್ಳಲ್ಲ, ಬೆಳಕು. ಮುಟ್ಟದೆ ಓದುವ ಈ ಕಣ್ಣು ಚೆನ್ನಾಗಿದ್ದರೆ ಯಂತ್ರ ಚೆನ್ನ, ಮಿಕ್ಕುದೆಲ್ಲ ಪೆಟ್ಟಿಗೆಯ ಶೃಂಗಾರ.

ಹನ್ನೆರಡು ಸೆಂಟಿಮೀಟರ್ ಅಗಲದ ಡಿವಿಡಿಯ ಒಂದು ಪದರದಲ್ಲಿ ಸುರುಳಿ ಸುತ್ತಿಕೊಂಡಿರುವ ಸಾಲನ್ನು ಬಿಡಿಸಿ ನೇರವಾಗಿ ಹಾಸಿದರೆ ಅದು ಸುಮಾರು 12 ಕಿಲೋಮೀಟರ್ ಆಗುವುದು, ಎಂದರೆ ಸಾಂಗ್ಲಿಯಿಂದ ಮಿರಜಿಗೆ ಹೋಗಿ ಇನ್ನೂ ಮುಂದೆ ಸಾಗುವುದು. ಪಕ್ಕಪಕ್ಕದ ಸಾಲುಗಳ ನಡುವಣ ಅಂತರ 0.74 ಮೈಕ್ರೋಮೀಟರ್ ಮಾತ್ರ. ಒಂದು ತಲೆಗೂದಲಿನ ದಪ್ಪದಲ್ಲಿ ಇಂಥ ಸಾಲುಗಳು ನೂರರ ಆಸುಪಾಸು ಅಡಗುವುವು. ಒಳಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 1400, ಹೊರಸುತ್ತಿನಲ್ಲಿ 600ಕ್ಕೂ ಕಡಮೆ ಸಲ ತಿರುಗುವ ಈ ತಟ್ಟೆ ಎಷ್ಟೇ ಸಮವಾಗಿ ಕಂಡರೂ ತುಸುವಾದರೂ ಓಲಾಡದೆ ಇರದು. ಆ ಓಲಾಟವನ್ನು ಅನುಸರಿಸಿ, ಸಣ್ಣ ತಂತಿಗಳಿಂದ ತೂಗುಬಿದ್ದ ಪುಟ್ಟ ಮಸೂರವೊಂದು, ವಿದ್ಯುತ್ಸುರುಳಿಗಳ ಸೆಳೆತಕ್ಕೆ ಒಳಪಟ್ಟು ಕ್ಷಣಕ್ಷಣಕ್ಕೂ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಿಯುತ್ತ ಲೇಸರಿನ ಚುಕ್ಕೆಯನ್ನು ಸಾಲಿನ ಮೇಲೆಯೇ ನಿಲ್ಲಿಸತಕ್ಕುದು. ಅಗ್ಗದ ಯಂತ್ರ ಮೊದಲು ಸೋಲುವುದು ಇಲ್ಲಿಯೇ.

ಕಣ್ಣು ಎಂದೆನಾದರೂ ನಿಜಕ್ಕೂ ಇರುವುವು ಎರಡು. ಡಿವಿಡಿಗೆ 650 ನ್ಯಾನೋಮೀಟರಿನ ಕೆಂಪು ಬೆಳಕು. ಸೀಡಿಗೂ ಅದರ ಸಂತಾನವಾದ ವಿಸಿಡಿಗೂ 780 ನ್ಯಾನೋಮೀಟರಿನ, ನಮ್ಮ ನೋಟಕ್ಕೆ ಸಿಲುಕದ ಅವರಕ್ತ ಬೆಳಕು. ಒಂದು ಕುರುಡಾಗಿ ಇನ್ನೊಂದು ನೆಟ್ಟಗಿರುವುದೂ ಉಂಟು. ಡಿವಿಡಿ ಓಡಿಸುವ ಯಂತ್ರ ವಿಸಿಡಿಯನ್ನು ಉಗುಳಿದರೆ ಅಚ್ಚರಿಪಡಬೇಕಾಗಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಈ ಎರಡು ಬಗೆಯೂ ಕಪಾಟಿನಲ್ಲಿ ಒಟ್ಟಿಗೇ ಬಿದ್ದಿರುತ್ತವೆ: 2007ರ ಸುಮಾರಿಗೆ ಮೋಸರ್ ಬೇರ್ ಸಂಸ್ಥೆಯು ವಿಸಿಡಿಗೆ 28, ಡಿವಿಡಿಗೆ 34 ರೂಪಾಯಿ ಬೆಲೆಯಿಟ್ಟು ಚಿತ್ರಗಳನ್ನು ಮಾರತೊಡಗಿದ ಮೇಲಂತೂ ಕೊಳ್ಳದವರೇ ಇಲ್ಲವೆನ್ನಬೇಕು. ಇವಲ್ಲದೆ ಮದುವೆಯ ತಟ್ಟೆಗಳಿವೆ. ಅವು ಅಚ್ಚೊತ್ತಿದವಲ್ಲ, ಬಣ್ಣದ ಲೇಪವನ್ನು ಲೇಸರಿನಿಂದ ಸುಟ್ಟು ಬರೆದವು, ಆದುದರಿಂದ ಬಿಸಿಲಿಗೆ ಮಂಕಾಗತಕ್ಕವು.

ಅಂಗಡಿಯವನು ಹೊಚ್ಚಹೊಸ ಡಿವಿಡಿಯೊಂದನ್ನು ಒರಸಿ ಹಾಕಹೊರಟಾಗ ಮಾವ ಕೈಚೀಲದಿಂದ ಶ್ರೀಕೃಷ್ಣ ಪಾರಿಜಾತದ ವಿಸಿಡಿಯನ್ನು ತೆಗೆದುಕೊಟ್ಟ. ಅದರ ಮೈತುಂಬ ಗೀರು. ಒಂದೆಡೆ ಬೆರಳಿನ ಎಣ್ಣೆಗುರುತು ಕೂಡ.

"ಮಾಮಾ, ಇಂಥಾದ್ದ ಹಾಕಿದ್ರ ಮಷೀನಿನ ಹೆಸರ ಕೆಡತೈತ್ರಿ. ಹೊಸಾದ ಹಾಕಿ ತೋರಸ್ತೀನಿ."

"ಹೊಸಾದಕ್ಕೇನಪಾ, ಎಲ್ಲಾದ್ರಾಗೂ ಓಡತೈತಿ. ನಮ್ಮ ಮನ್ಯಾಗ ಇರೂವು ಇಂಥಾವು."

ಮಾವನಿಗೆ ಗಣಿತ ಗೊತ್ತಿಲ್ಲ. ಆದರೆ ಆತ ಕೇಳಿದ್ದು ಗಣಿತದ ಪರೀಕ್ಷೆಯನ್ನೇ. ಗೆದ್ದಲು ತಿಂದ ಓಲೆಯ ಮೇಲಿನ ಪದ್ಯದಲ್ಲಿ ಲುಪ್ತವಾದ ಅಕ್ಷರವನ್ನು ವಿದ್ವಾಂಸನು ಪ್ರಾಸ ಗಣಗಳ ಬಲದಿಂದ ತುಂಬಿಕೊಳ್ಳುವಂತೆ, ತಟ್ಟೆಯ ಮೇಲೆ ಸಾಲಿನಲ್ಲಿ ಕಳೆದುಹೋದ ಅಂಕಿಗಳನ್ನು ಯಂತ್ರವು, ರೀಡ್ ಮತ್ತು ಸಾಲೊಮನ್ ಎಂಬಿಬ್ಬರು 1960ರಲ್ಲಿ ಪ್ರಕಟಿಸಿದ ಸಂಕೇತವಿಧಾನದ ನೆರವಿನಿಂದ, ಉಳಿದ ಅಂಕಿಗಳೊಳಗಿನ ಸಂಬಂಧವನ್ನು ಹಿಡಿದು ಮರಳಿ ಕಟ್ಟುವುದು. ಸೀಡಿಯ ಸಾಲಿನಲ್ಲಿ ಎರಡೂವರೆ ಮಿಲಿಮೀಟರ್ ಉದ್ದದಷ್ಟು ಅಳಿದುಹೋದರೂ ಪೂರ್ತಿಯಾಗಿ ತುಂಬಿಕೊಳ್ಳಬಲ್ಲುದು. ಸಾಲುಗುಂಟ ಬಿದ್ದ ಗೀರು ಇದಕ್ಕೆ ದೊಡ್ಡ ಶತ್ರು, ಅಡ್ಡಗೀರು ಅಷ್ಟಿಲ್ಲ; ಅಂತೆಯೇ ತಟ್ಟೆಯನ್ನು ಸುತ್ತು ಸುತ್ತಾಗಿ ಒರಸದೆ ನಡುವಿನಿಂದ ಅಂಚಿನೆಡೆಗೆ ನೇರವಾಗಿ ಒರಸಬೇಕು. (ಸೀಡಿಯ ಬರಹ ಇರುವುದು ಹೆಸರು ಅಚ್ಚಾದ ಮಗ್ಗುಲಿನ ತೀರ ಕೆಳಗೆ ಎಂಬುದನ್ನರಿಯದೆ, ಆ ಮಗ್ಗುಲನ್ನು ಕೆಳಗೆ ಮಾಡಿ ಕಪಾಟಿನಲ್ಲಿ ಉಜ್ಜಾಡಿಸುವವರು ಬಹು ಮಂದಿ.)

ಇನ್ನೊಂದು ಸೂಕ್ಷ್ಮ. ಗ್ರಾಮಫೋನಿನ ಮುಳ್ಳು ಹೊರಗಿನಿಂದ ಒಳಕ್ಕೆ ಬರುತ್ತಿದ್ದರೆ ಈ ಬೆಳಕು ಒಳಗಿನಿಂದ ಹೊರಕ್ಕೆ ಹೋಗುವುದು. ತಟ್ಟೆಯ ಓಲಾಟ ಹೆಚ್ಚುವುದು ಅಂಚಿನಲ್ಲಿ, ನಮ್ಮ ಬೆರಳು ತಾಗುವುದೂ ಅಂಚಿನಲ್ಲಿ. ಅಂಗಡಿಯಲ್ಲಿ ಮೊದಲ ಐದು ನಿಮಿಷ ಥಳಥಳಿಸಿದ ಚಿತ್ರ ಮನೆಯಲ್ಲಿ ಕೊನೆಯ ಅಂಕಕ್ಕೆ ಬಂದಾಗ ಚೌಕ ಚೌಕವಾಗಿ ಒಡೆದು ನಿಲ್ಲುವುದರ ಗುಟ್ಟು ಇದು. ಪೆಟ್ಟಿಗೆಯ ಮೇಲಿನ 1080 ಎಂಬ ಅಂಕಿಗಾಗಿ ಹೆಚ್ಚು ಹಣ ತೆರುವುದು ನನಗೆ ಸರಿತೋರದು: ವಿಸಿಡಿಯ ಚಿತ್ರದಲ್ಲಿ 352ಕ್ಕೆ 288, ಡಿವಿಡಿಯಲ್ಲಿ 720ಕ್ಕೆ 576 ಬಿಂದುಗಳು ಮಾತ್ರವಿರುವಾಗ ಇಲ್ಲದ ಕುಸುರಿಯನ್ನು ಯಂತ್ರವು ಎಲ್ಲಿಂದ ತಂದೀತು? ಹಿಗ್ಗಿಸುವ ಕೆಲಸವನ್ನು ಹೊಸ ಟೀವಿ ತಾನೇ ಮಾಡುವುದು. ಬೇಕಾದುದು ಹಳೆಯ ಟೀವಿಗೆ ಹಳದಿ, ಕೆಂಪು, ಬಿಳಿ ತಂತಿಗಳ ಕಿಂಡಿ, ಹೊಸದಕ್ಕೆ ಎಚ್‌ಡಿಎಂಐ; ಮತ್ತು ವೋಲ್ಟೇಜು ಏರಿಳಿಯುವ ಹಳ್ಳಿಗೆ 230ಕ್ಕಿಂತ ಬಹಳ ಕೆಳಗೂ ನಡೆಯುವುದೆಂದು ಬೆನ್ನ ಮೇಲೆ ಬರೆದಿರುವ ಯಂತ್ರ.

ಮಾವ ಮೂರು ಯಂತ್ರಗಳಲ್ಲಿ ತನ್ನ ಪಾರಿಜಾತವನ್ನು ಹಾಕಿಸಿದ; ಪ್ರತಿ ಸಲವೂ ರಿಮೋಟ್ ಒತ್ತಿಸಿ ಕಡೆಯ ಭಾಗಕ್ಕೆ ಹಾರಿಸಿದ. ಮೊದಲನೆಯದು ತಟ್ಟೆಯನ್ನು ಗುರುತಿಸಲೇ ಇಲ್ಲ. ಎಲ್ಲಕ್ಕಿಂತ ಹೆಚ್ಚಿನ ಬೆಲೆಯ ಎರಡನೆಯದು ಸತ್ಯಭಾಮೆಯ ಮುಖವನ್ನು ಚೌಕಗಳಾಗಿ ಹರಿದು ನಿಂತಿತು. ಮೂರನೆಯದು ಎರಡು ಕಡೆ ತಡವರಿಸಿದರೂ ಮಂಗಳದ ಹಾಡಿನವರೆಗೆ ನಡೆಯಿತು. ಅದನ್ನೇ ಕಟ್ಟಿಸಿಕೊಂಡು ಜತ್ತದ ಬಸ್ಸು ಹತ್ತಿದೆವು.